ಓರೆಕೋರೆ ಬ್ಯಾಂಡಿನ ಸಮ ಪೆಟ್ಟು

ನಮ್ಮ ಊರಿನಲ್ಲಿ ಗಡಿಯಾರಗಳನ್ನು ಗೋಡೆಗೆ ತಂತಿಯಿಂದ ಬಿಗಿದು ಕಟ್ಟುತ್ತಾರೆ. ಕಟ್ಟದಿದ್ದರೆ ಟಿಕ್ ಟಿಕ್ ಅನ್ನುತ್ತಲೇ ಅವು ಹಗುರಾಗಿ, ಕಿಟಕಿಯ ಗಾಳಿಗೆ ಮೊಳೆಯಿಂದ ಕಳಚಿಕೊಂಡು ಹೋಗುತ್ತವೆ. ಸಮವಾಗಿ ಬೀಳುವ ಪೆಟ್ಟು ಕೇಳುವಷ್ಟು ದೂರ ನಮ್ಮಲ್ಲಿ ಎಲ್ಲದರ ಭಾರವೂ ಇಳಿಯುತ್ತದೆ. ಪೆಟ್ಟು ಜೋರಾದಷ್ಟೂ ಹೆಚ್ಚು ಇಳಿಯುತ್ತದೆ, ನಿಂತ ಕೂಡಲೇ ಮೊದಲಿನಷ್ಟೇ ಆಗುತ್ತದೆ. ಇದಕ್ಕೆ ಸಮ ಪೆಟ್ಟು ಅಂತ ಹೆಸರು. ಊರಿನವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಅವಲಕ್ಕಿ ಕುಟ್ಟುವವರು ಒಂದು ಪೆಟ್ಟು ಬೇಗ, ಒಂದು ಪೆಟ್ಟು ತಡ ಹಾಕುತ್ತಾರೆ. ಮದುವೆಯ ವಾದ್ಯದವರು ದಿಬ್ಬಣವನ್ನು ಕುಂಟುವ ತಾಳದಲ್ಲೇ ಕರೆದುಕೊಂಡು ಹೋಗುತ್ತಾರೆ. ನಾನು ಟೈಲರ್. ಹೊಲಿಗೆ ಮೆಷಿನ್ನಿನ ಪೆಡಲನ್ನು ತಡೆದು ತಡೆದು ತುಳಿಯುವುದನ್ನು ನನಗೆ ಅತ್ತೆ ಕಲಿಸಿದರು, ಇಲ್ಲದಿದ್ದರೆ ಬಟ್ಟೆ ಸೂಜಿಯ ಕೆಳಗೆ ನಿಲ್ಲುವುದಿಲ್ಲ. ಎದೆಗೆ ಒತ್ತಿ ಹಿಡಿದ ಕೂಸನ್ನು ಎಷ್ಟು ಹೊತ್ತು ಎತ್ತಿಕೊಂಡರೂ ನಮ್ಮಲ್ಲಿ ತೋಳು ನೋಯುವುದಿಲ್ಲ. ಅದು ಬೇರೆ ಊರುಗಳಲ್ಲೂ ಹಾಗೆಯೇ ಎಂದು ಕೇಳಿದ್ದೇನೆ.

ಪೇಟೆಯೊಳಗೆ ಸಮ ಪೆಟ್ಟು ಕೂಡದು ಎನ್ನುವುದು ಹಿಂದಿನಿಂದ ಬಂದ ನಿಯಮ. ಸ್ಪ್ರಿಂಗಿನ ತಕ್ಕಡಿ ಸುಳ್ಳು ಹೇಳುತ್ತದೆ, ಎಣ್ಣೆ ಡಬ್ಬದಿಂದ ತುಳುಕುತ್ತದೆ, ಹೆಂಚು ಮಾಡಿನಿಂದ ಜಾರುತ್ತದೆ. ಅದಕ್ಕೆ ಜಾಗವಿದ್ದದ್ದು ಗುಡ್ಡದ ಬುಡದ ಕಲ್ಲುಕೋರೆಯಲ್ಲಿ ಮಾತ್ರ. ಅಲ್ಲಿ ಡೋಲಿನವರು ದೊಡ್ಡ ಡೋಲನ್ನು ಬಾರಿಸುತ್ತಿದ್ದರು, ಕೆಲಸದವರು ಆನೆಯಂಥ ಬಂಡೆಗಳನ್ನು ಮೇಜು ಎತ್ತುವ ಹಾಗೆ ಎತ್ತಿ ಸಾಗಿಸುತ್ತಿದ್ದರು. ಕಲ್ಲು ಇಳಿಸಿದ ಮೇಲೆಯೇ ಡೋಲು ನಿಲ್ಲಬೇಕು.

ಇಂಥ ಊರಿನಲ್ಲಿ ನಮ್ಮದೊಂದು ಬ್ಯಾಂಡ್ ಇತ್ತು, ಈಗಲೂ ಇದೆ. ಹೆಸರು ಓರೆಕೋರೆ. ಕಟ್ಟಿದವನು ಕೊಗ್ಗಣ್ಣ, ಸ್ಯಾಕ್ಸೊಫೋನ್ ನುಡಿಸುವವನು. ಡ್ರಮ್ಸಿಗೆ ದೂಮ. ಅವನು ಹಗಲು ಕೋರೆಯ ಡೋಲಿನವನು. ಹಾಡಿಗೆ, ಕೀಬೋರ್ಡಿಗೆ ಎವ್ಲಿನ್. ಬೇಸ್ ಗಿಟಾರ್ ನನ್ನದು. ನಾನು ಮೆಷಿನ್ ತುಳಿಯುವುದನ್ನು ನೋಡಿ ಕೊಗ್ಗಣ್ಣ, ವಾರಿಜ, ನಿನ್ನ ಕಾಲಿನಲ್ಲಿ ಇರುವುದು ಕೈಗೆ ಬಂದರೆ ಸಾಕು ಅಂದವನು ತನ್ನ ಮನೆಯ ಹಳೆಯ ಗಿಟಾರನ್ನು ನನಗೆ ತಂದುಕೊಟ್ಟಿದ್ದ. ನಾವು ನುಡಿಸುತ್ತಿದ್ದದ್ದು ಫಂಕ್, ಅದರಲ್ಲೂ ಆ್ಯಸಿಡ್ ಜಾಝ್ ಅನ್ನುವ ಬಗೆ. ತಾಳ ಇರುತ್ತದೆ, ಆದರೆ ಇದೋ ಸಿಕ್ಕಿತು ಅನ್ನುವಷ್ಟರಲ್ಲಿ ಪಕ್ಕಕ್ಕೆ ಸರಿದಿರುತ್ತದೆ. ಕೊಗ್ಗಣ್ಣನ ಸ್ಯಾಕ್ಸೊಫೋನ್ ಅದರ ಮೇಲೆ ಹಾವಿನ ಹಾಗೆ ಹರಿಯುತ್ತಿತ್ತು. ಪ್ರತಿ ಗುರುವಾರ ಸಂಜೆ ವಾಚನಾಲಯದ ಮಾಳಿಗೆಯಲ್ಲಿ ನಮ್ಮ ಕಛೇರಿ. ಮೇಷ್ಟ್ರುಗಳು, ವಕೀಲರು, ಔಷಧಿ ಅಂಗಡಿಯವರು ಬಂದು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ತಲೆ ತೂಗಿ ಹೋಗುತ್ತಿದ್ದರು. ಅರ್ಧ ಕುರ್ಚಿಗಳು ಖಾಲಿ. ಅದರಿಂದ ನಮಗೆ ಬೇಸರವೇನೂ ಇರಲಿಲ್ಲ. ಚೆನ್ನಾಗಿ ನುಡಿಸುತ್ತಿದ್ದೇವೆ ಎಂದು ನಮಗೆ ಗೊತ್ತಿತ್ತು.

ಕೊಗ್ಗಣ್ಣನಿಗೆ ಸಮ ಪೆಟ್ಟು ಅಂದರೆ ಆಗುತ್ತಿರಲಿಲ್ಲ. ಅದರ ಕಾರಣ ಊರಿಗೆಲ್ಲ ತಿಳಿದದ್ದೇ, ಆದರೆ ಅವನ ಎದುರು ಯಾರೂ ಆಡುತ್ತಿರಲಿಲ್ಲ. ಅವನ ಅಪ್ಪನೂ ಕೋರೆಯ ಡೋಲಿನವರೇ. ಒಂದು ಮಧ್ಯಾಹ್ನ ಅವರ ಕೈಗೆ ಸೆಳೆತ ಬಂದು ಒಂದು ಪೆಟ್ಟು ತಪ್ಪಿತು. ಒಂದೇ ಪೆಟ್ಟು. ಆಗ ಕೊಗ್ಗಣ್ಣನ ಅಣ್ಣ ತ್ಯಾಂಪ ಬಂಡೆಯ ಕೆಳಗೆ ಹೆಗಲು ಕೊಟ್ಟು ನಿಂತಿದ್ದ. ಆಮೇಲೆ ಅವರಪ್ಪ ಬದುಕಿರುವ ತನಕ ಕೋಲು ಮುಟ್ಟಲಿಲ್ಲ, ಊಟಕ್ಕೆ ಕೂತರೂ ಎಡಗೈಯನ್ನು ಬಲಗೈಯ ಮೇಲೆ ಒತ್ತಿಕೊಂಡೇ ಇರುತ್ತಿದ್ದರಂತೆ. ಕೊಗ್ಗಣ್ಣ ನನ್ನ ಹತ್ತಿರ ಇದರ ಬಗ್ಗೆ ಮಾತಾಡಿದ್ದು ಒಂದೇ ಸಲ. ನನ್ನ ಸಂಗೀತದಲ್ಲಿ ಮುಂದಿನ ಪೆಟ್ಟನ್ನು ನಂಬಿಕೊಂಡು ಯಾರೂ ಕಲ್ಲಿನ ಕೆಳಗೆ ನಿಲ್ಲಬೇಕಾಗಿಲ್ಲ ನೋಡು, ಅಷ್ಟು ಸಾಕು ನನಗೆ, ಅಂದಿದ್ದ.

ಹೀಗಿರುವಾಗ ಕೋರೆಗೆ ಕ್ರೇನ್ ಬಂತು. ಕಲ್ಲು ಎತ್ತುವುದಕ್ಕೆ ಡೋಲು ಬೇಡವಾಯಿತು. ಡೋಲಿನ ಕೊಟ್ಟಿಗೆಗೆ ಬೀಗ ಬಿತ್ತು. ದೂಮನಿಗೆ ಕ್ರೇನಿನವರು ಗೇಟಿನ ಕೆಲಸ ಕೊಟ್ಟರು, ಬದುಕಿಗೆ ತೊಂದರೆಯಾಗಲಿಲ್ಲ. ಆದರೆ ಅವನು ದಿನದಿಂದ ದಿನಕ್ಕೆ ಮಂಕಾದ. ಗೇಟಿನ ಹತ್ತಿರ ಕೂತಿದ್ದರೂ ಬಲಗಾಲು ತನ್ನಷ್ಟಕ್ಕೆ ನೆಲಕ್ಕೆ ಬಡಿಯುತ್ತದೆ, ಪಕ್ಕದಲ್ಲಿಟ್ಟ ಚಹಾದ ಲೋಟ ಅಲ್ಲಾಡುತ್ತದೆ, ಆಗ ನಾಚಿಕೆಯಾಗಿ ಕಾಲನ್ನು ಕುರ್ಚಿಗೆ ಸುತ್ತಿಕೊಂಡು ಕೂರುತ್ತೇನೆ ಅಂತ ನನ್ನ ಅಂಗಡಿಗೆ ಬಂದು ಹೇಳಿಕೊಂಡ. ಡೋಲು ನಿಂತ ಮೇಲೆ ಕೋರೆಯ ಕೇರಿಯವರಿಗೆ ಸಂಜೆಯ ಹೊತ್ತು ಎಂತ ಮಾಡುವುದು ಅಂತಲೇ ತಿಳಿಯುತ್ತಿಲ್ಲ ಅಂದ. ನನಗೆ ಆಗ ಅದು ಪೂರ್ತಿ ಅರ್ಥವಾಗಲಿಲ್ಲ.

ಅದೇ ದಿನಗಳಲ್ಲಿ ಎವ್ಲಿನ್‌ಗೆ ಡಿಸ್ಕೊ ಹುಚ್ಚು ಹಿಡಿದಿತ್ತು. ಹಡಗಿನಲ್ಲಿ ಅಡಿಗೆ ಮಾಡುವ ಅವಳ ತಮ್ಮ ಕ್ಯಾಸೆಟ್ಟುಗಳನ್ನು ತಂದಿದ್ದ. ಅವುಗಳಲ್ಲಿ ಮೊದಲಿನಿಂದ ಕಡೆಯ ತನಕ ಸಮ ಪೆಟ್ಟೇ. ಜೋರಾಗಿ ಹಾಕುವಂತಿಲ್ಲ. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿದ್ದಳು. ಇಗರ್ಜಿಯ ಉದ್ದ ಮೆಟ್ಟಿಲುಗಳನ್ನು ಎವ್ಲಿನ್ ಮಾತ್ರ ಏದುಸಿರಿಲ್ಲದೆ ಹತ್ತುತ್ತಾಳಲ್ಲ, ಹೇಗೆ ಅಂತ ಪಾದ್ರಿಗಳು ಕೇಳಿದರಂತೆ. ಅವಳು ನನಗೂ ಕೇಳಿಸಿದಳು. ನಿಜ ಹೇಳಬೇಕೆಂದರೆ ನನಗೆ ಮೊದಲು ಸಪ್ಪೆ ಅನ್ನಿಸಿತು. ನಮ್ಮ ಸಂಗೀತದಲ್ಲಿ ಇರುವ ತಿರುವುಗಳು ಯಾವುವೂ ಇಲ್ಲ. ಆದರೆ ಎರಡನೆಯ ಹಾಡಿನ ಹೊತ್ತಿಗೆ ನಾನು ಎದ್ದು ನಿಂತಿದ್ದೆ. ಯಾಕೆ ಎದ್ದೆ ಅಂತ ಗೊತ್ತಿಲ್ಲ.

ಆ ವಾರದ ಅಭ್ಯಾಸದಲ್ಲಿ ಅದು ತಾನಾಗಿಯೇ ಆಯಿತು. ಒಂದು ಉದ್ದನೆಯ ಹಾಡಿನ ನಡುವೆ ದೂಮನ ಕಾಲು ಸಮ ಪೆಟ್ಟಿಗೆ ಇಳಿಯಿತು. ಎವ್ಲಿನ್ ಅದನ್ನು ಹಿಡಿದಳು, ನಾನೂ ಹಿಡಿದೆ. ಮೂಲೆಯಲ್ಲಿದ್ದ ಖಾಲಿ ಕುರ್ಚಿಗಳು ಮೆಲ್ಲಗೆ ಅಲುಗಾಡಿದವು. ನನ್ನ ಹೆಗಲಿಗೆ ಬೇಸಿನ ಪಟ್ಟಿ ಇದೆಯೋ ಇಲ್ಲವೋ ಅನ್ನುವ ಹಾಗಾಯಿತು. ಕೊಗ್ಗಣ್ಣ ಸ್ಯಾಕ್ಸೊಫೋನನ್ನು ಬಾಯಿಂದ ತೆಗೆದು, ಕೈಯೆತ್ತಿ, ನಿಲ್ಲಿಸಿ ಅಂದ. ನಾವು ನಿಲ್ಲಿಸಿದೆವು.

ಆ ದಿನ ಜಗಳವಾಯಿತು. ಎವ್ಲಿನ್ ಒಂದು ಹಾಡು ಡಿಸ್ಕೊ ಮಾಡುವ, ಒಂದೇ ಒಂದು, ಪೇಟೆಗೆ ಕೇಳದಷ್ಟು ಮೆಲ್ಲಗೆ, ಅಂದಳು. ಕೊಗ್ಗಣ್ಣ ತನ್ನ ಬ್ಯಾಂಡಿನಲ್ಲಿ ಅದು ಆಗುವುದಿಲ್ಲ ಅಂದ. ದೂಮ ಸಾಮಾನ್ಯವಾಗಿ ಮಾತಾಡುವವನಲ್ಲ. ಅವನು ಡ್ರಮ್ಸಿನ ಹಿಂದಿನಿಂದ ಏಳದೆಯೇ ಹೇಳಿದ:

"ಕೊಗ್ಗಣ್ಣ, ನಿಮಗೆ ಅದು ಒಂದು ತಪ್ಪಿದ ಪೆಟ್ಟು. ನನಗೆ ಅದು ತಪ್ಪದ ಪೆಟ್ಟುಗಳು. ಅಷ್ಟು ವರ್ಷ ನನ್ನ ಡೋಲನ್ನು ನಂಬಿ ನಿಂತವರು ಎಲ್ಲರೂ ಸಂಜೆ ಮನೆಗೆ ಹೋಗಿದ್ದಾರೆ."

ಕೊಗ್ಗಣ್ಣ ಸ್ಯಾಕ್ಸೊಫೋನನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಹೊರಟುಹೋದ. ಇನ್ನು ಬ್ಯಾಂಡ್ ಮುಗಿಯಿತು ಅಂದುಕೊಂಡು ನಾನು ಮನೆಗೆ ಬಂದು ಒಂದು ರವಿಕೆಯ ತೋಳನ್ನು ತಲೆಕೆಳಗಾಗಿ ಹೊಲಿದೆ. ಮಾರನೆಯ ಬೆಳಿಗ್ಗೆ ಅವನೇ ಅಂಗಡಿಗೆ ಬಂದ. ಕಡೆಯ ಹಾಡು ನಿಮ್ಮದು, ಆ ಹೊತ್ತಿಗೆ ನಾನು ಕೆಳಗೆ ಹೋಗಿ ಬೀಡಿ ಸೇದುತ್ತೇನೆ, ಕೋಪವೇನಿಲ್ಲ ಅಂತ ಅವರಿಬ್ಬರಿಗೂ ಹೇಳು, ಅಂದ. ಅವನು ಇಷ್ಟು ಬಿಟ್ಟುಕೊಟ್ಟದ್ದೇ ನನಗೆ ದೊಡ್ಡದಾಗಿ ಕಂಡಿತು. ದೂಮನ ಕಡೆಗೆ ನಿಲ್ಲಬೇಕೋ ನನಗೆ ವಿದ್ಯೆ ಕೊಟ್ಟವನ ಕಡೆಗೆ ನಿಲ್ಲಬೇಕೋ ಎಂದು ರಾತ್ರಿಯೆಲ್ಲ ಹೊರಳಾಡಿದ್ದವಳಿಗೆ ಉಸಿರು ಬಂದ ಹಾಗಾಯಿತು.

ಹಾಗೆ ನಮ್ಮ ಕಛೇರಿಗೆ ಒಂದು ಬಾಲ ಬಂತು. ಎಲ್ಲ ಮುಗಿದ ಮೇಲೆ ಕೊಗ್ಗಣ್ಣ ಇಳಿದುಹೋಗುತ್ತಿದ್ದ, ನಾವು ಮೂವರು ಮೆಲುದನಿಯಲ್ಲಿ ಒಂದು ಡಿಸ್ಕೊ ನುಡಿಸುತ್ತಿದ್ದೆವು. ವಕೀಲರು ಮೊದಲ ವಾರ ಮುಖ ಗಂಟಿಕ್ಕಿದರು, ಎರಡನೆಯ ವಾರ ಕನ್ನಡಕವನ್ನು ಜೇಬಿಗೆ ಹಾಕಿಕೊಂಡು ಎದ್ದರು. ಸುದ್ದಿ ಕೋರೆಯ ಕೇರಿಗೆ ಹೋಯಿತು. ಯಾವತ್ತೂ ಗುಡ್ಡದ ಮೇಲಿನ ವಾಚನಾಲಯದ ಮೆಟ್ಟಿಲು ಹತ್ತದ ಕಲ್ಲಿನ ಕೆಲಸದವರು, ಅವರ ಹೆಂಗಸರು, ಮುದುಕಿಯರು ಬರಲು ಸುರುಮಾಡಿದರು. ಅವರಿಗೆ ದೂಮನ ಪೆಟ್ಟು ಕೇಳಿದರೆ ಸಾಕಿತ್ತು. ಅವರು ಅದಕ್ಕೆ ಹೆಗಲು ಕೊಟ್ಟು ಬದುಕಿದ್ದರು, ಅದಕ್ಕೆ ಕುಣಿಯಬಹುದು ಎನ್ನುವುದು ಅವರಿಗೂ ಹೊಸದು. ಕುಣಿಯುವಾಗ ಹಾರಿದರೆ ಸೊಂಟದೆತ್ತರ ಹೋಗುತ್ತಿದ್ದರು, ಇಳಿಯುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಹೆಂಗಸರು ಸೆರಗಿಗೆ ಪಿನ್ನು ಹಾಕಿ ಬರುವುದನ್ನು ಕಲಿತರು. ಲುಂಗಿಯವರು ಬೆಲ್ಟು ಕಟ್ಟಿದರು. ಕುರ್ಚಿಗಳು ಗೋಡೆಯ ಬದಿಗೆ ಹೋದವು.

ಮಳೆಗಾಲ ಮುಗಿದ ಮೊದಲ ಗುರುವಾರ ಮಾಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇನ್ನೂ ಬಿಸಿಲಿತ್ತು. ಕೊಗ್ಗಣ್ಣ ಬೀಡಿ ಹಚ್ಚಲು ಕೆಳಗಿಳಿದ, ನಾವು ಸುರುಮಾಡಿದೆವು. ಅಷ್ಟು ಜನರ ಗದ್ದಲದಲ್ಲಿ ಮೆಲ್ಲಗೆ ನುಡಿಸಿದರೆ ಕೇಳುತ್ತಿರಲಿಲ್ಲ, ಆದ್ದರಿಂದ ದೂಮ ಸ್ವಲ್ಪ ಜೋರಾಗಿಯೇ ಹಿಡಿದಿದ್ದ. ಎವ್ಲಿನ್ ಪಲ್ಲವಿಗೆ ಬಂದಾಗ ನನ್ನ ಹಿಂದಿನ ಗೋಡೆಯ ಹತ್ತಿರ ಒಂದು ಶಬ್ದವಾಯಿತು. ಹೊಸ ಬಟ್ಟೆಯನ್ನು ಹರಿದ ಹಾಗೆ. ನಾನು ತಿರುಗಿ ನೋಡಿದೆ, ಏನೂ ಕಾಣಲಿಲ್ಲ, ನುಡಿಸುತ್ತ ಹೋದೆ. ಅಷ್ಟರಲ್ಲಿ ಕೊಗ್ಗಣ್ಣ ಮೆಟ್ಟಿಲು ಹತ್ತಿ ಬಂದ. ಓಡಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ನೇರ ಡ್ರಮ್ಸಿನ ಹತ್ತಿರ ಬಂದು ಬಗ್ಗಿ ದೂಮನ ಕಿವಿಯಲ್ಲಿ ಹೇಳಿದ. ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು.

"ನಿಲ್ಲಿಸಬೇಡ. ಇನ್ನೂ ಜೋರಾಗಿ ಹೊಡಿ."

ಕೆಳಗಿನಿಂದ ಅವನು ನೋಡಿದ್ದ. ಮಾಳಿಗೆಯನ್ನು ಹೊತ್ತ ದೊಡ್ಡ ತೊಲೆ ಗೋಡೆಯ ಹತ್ತಿರ ಸೀಳಿತ್ತು. ಆಗ ಅದು ನಿಂತಿದ್ದದ್ದು ನಾವೆಲ್ಲ ಅರ್ಧ ಭಾರವಾಗಿದ್ದೆವು ಎಂಬ ಒಂದೇ ಕಾರಣಕ್ಕೆ. ದೂಮ ಮುಖವನ್ನೂ ಬದಲಿಸದೆ ಪೆಟ್ಟನ್ನು ಏರಿಸಿದ. ಕೊಗ್ಗಣ್ಣ ಎವ್ಲಿನ್ ಹತ್ತಿರ ಹೋಗಿ ಏನೋ ಹೇಳಿ ಮೈಕನ್ನು ತಾನು ತೆಗೆದುಕೊಂಡ. ಇವತ್ತಿನ ಕುಣಿತ ಮುಗಿಯುವುದು ಕೆಳಗೆ ಅಂಗಳದಲ್ಲಿ, ಎವ್ಲಿನ್ ಮುಂದೆ ಹೋಗುತ್ತಾಳೆ, ಅವಳ ಹಿಂದೆ ಸಾಲಾಗಿ ಇಳಿಯಿರಿ, ಹಾಡು ನಿಲ್ಲುವುದಿಲ್ಲ, ಅವಸರ ಬೇಡ, ಅಂದ. ಅವನ ದನಿ ಎಷ್ಟು ತಣ್ಣಗಿತ್ತೆಂದರೆ ಯಾರಿಗೂ ಅನುಮಾನ ಬರಲಿಲ್ಲ. ಎವ್ಲಿನ್ ಹಾಡುತ್ತಲೇ ಮೆಟ್ಟಿಲಿಗೆ ನಡೆದಳು. ಜನ ನಗುತ್ತ, ಕೈ ಹಿಡಿದುಕೊಂಡು, ಅವಳ ಹಿಂದೆ ಹತ್ತಿಯ ಹಾಗೆ ಇಳಿದರು. ನಾನು ನೆಲವನ್ನು ನೋಡಿದೆ. ಗೋಡೆಗೂ ಹಲಗೆಗೂ ನಡುವೆ ಅಂಗೈ ಹೋಗುವಷ್ಟು ಬಿರುಕು ಬಿಟ್ಟಿತ್ತು, ಅದರಲ್ಲಿ ಕೆಳಗಿನ ವಾಚನಾಲಯದ ಮೇಜು ಕಾಣುತ್ತಿತ್ತು. ನನ್ನ ಬೆರಳುಗಳು ಬೆವರಿ ತಂತಿಯ ಮೇಲೆ ಜಾರುತ್ತಿದ್ದವು.

ಇನ್ನೂ ಮುದುಕಿಯರು ಇಳಿಯುವುದಿತ್ತು. ಆಗ ದೂಮನ ತೊಡೆ ನಡುಗತೊಡಗಿತು. ಅಷ್ಟು ಜೋರು, ಅಷ್ಟು ಹೊತ್ತು ಅವನು ಆ ಪುಟ್ಟ ಪೆಡಲನ್ನು ಯಾವತ್ತೂ ತುಳಿದವನಲ್ಲ. ಅವನು ನನ್ನನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಕೊಗ್ಗಣ್ಣನೂ ಅದನ್ನು ಕಂಡ. ಅವನು ನೆಲದ ಮೇಲಿದ್ದ ಒಂದು ಕೋಲನ್ನು ಎತ್ತಿಕೊಂಡು, ದೂಮನ ಪಕ್ಕ ಮಂಡಿಯೂರಿ, ಪಕ್ಕದಲ್ಲಿ ಕಾಲಿನ ಮೇಲೆ ನಿಲ್ಲಿಸಿದ್ದ ದೊಡ್ಡ ಡ್ರಮ್ಮಿನ ಮೇಲೆ ಅವನ ಜೊತೆಗೇ ಬಾರಿಸತೊಡಗಿದ. ಮೊದಲು ದೂಮನ ಪೆಟ್ಟಿನ ಒಳಗೆ ಅಡಗಿ, ಆಮೇಲೆ ಅದಕ್ಕಿಂತ ಜೋರಾಗಿ. ಕಾಲು ತೆಗಿ, ಸ್ವಲ್ಪ ನೀವಿಕೋ, ಅಂದ. ದೂಮ ಕಾಲು ತೆಗೆದ. ಈಗ ಇಡೀ ಮಾಳಿಗೆ ಕೊಗ್ಗಣ್ಣನ ಕೈಯಲ್ಲಿತ್ತು. ಬದುಕಿನಲ್ಲಿ ಒಂದು ಸಮ ಪೆಟ್ಟನ್ನೂ ಹೊಡೆಯದವನು ಕಣ್ಣು ಮುಚ್ಚಿಕೊಂಡು ಒಂದರ ಹಿಂದೆ ಒಂದು ಹೊಡೆಯುತ್ತಿದ್ದ. ತುಟಿ ಏನೋ ಹೇಳುತ್ತಿತ್ತು. ನಾನು ಅವನ ಪ್ರತಿ ಪೆಟ್ಟಿನ ಕೆಳಗೂ ಒಂದು ಸ್ವರ ಇಟ್ಟೆ, ಇಟ್ಟುಕೊಂಡೇ ಹೋದೆ. ಕೊನೆಯ ಮುದುಕಿ ಬಾಗಿಲಲ್ಲಿ ನಿಂತು, ನೀವು ಬರುವುದಿಲ್ಲವಾ ಮಕ್ಕಳೇ ಎಂದು ಕೇಳಿ ಹೋದಳು.

ನಾವು ಮೂವರು ಉಳಿದೆವು. ತೊಲೆ ಸೀಳಿದ್ದು ನಾವು ನಿಂತ ಮೂಲೆಯ ಕೆಳಗೇ. ನಾವು ಹೊರಡಬೇಕಾದರೆ ಪೆಟ್ಟು ನಿಲ್ಲಬೇಕು, ಪೆಟ್ಟು ನಿಂತರೆ ನೆಲ ನಿಲ್ಲುವುದಿಲ್ಲ. ಕೊಗ್ಗಣ್ಣ ಕೈ ನಿಲ್ಲಿಸದೆಯೇ ಕಿಟಕಿಯ ಕಡೆ ತಲೆಯಾಡಿಸಿದ. ಕೆಳಗೆ ಅಂಗಳದಲ್ಲಿ ಎವ್ಲಿನ್ ಎಲ್ಲರಿಂದ ಚಪ್ಪಾಳೆ ಹಾಕಿಸುತ್ತಿದ್ದಳು. ಮೈಕ್ ತೆಗೆದುಕೊಳ್ಳುವಾಗ ಅವನು ಅವಳಿಗೆ ಹೇಳಿದ್ದು ಇದನ್ನೇ. ಆದರೆ ನಮ್ಮೂರಿನವರಿಗೆ ಸಮವಾಗಿ ಚಪ್ಪಾಳೆ ತಟ್ಟಿ ಅಭ್ಯಾಸವೇ ಇಲ್ಲ. ಹುಟ್ಟಿದಂದಿನಿಂದ ಕೈಯನ್ನು ತಡೆದು ತಟ್ಟಲು ಕಲಿತವರು. ಮೇಲಕ್ಕೆ ಬಂದ ಸದ್ದು ಬೀದಿಯಲ್ಲಿ ಚೆಲ್ಲಿದ ಗೋಲಿಗಳ ಹಾಗಿತ್ತು. ಎವ್ಲಿನ್ ಹಾಡು ನಿಲ್ಲಿಸಿ, ಕೋರೆಯ ಕೇರಿಯವರು ಮಾತ್ರ, ಅಂದದ್ದು ಕೇಳಿಸಿತು. ಕಲ್ಲಿನ ಕೆಲಸದವರು ತಟ್ಟಿದರು, ಅವರ ಹೆಂಗಸರು ಸೇರಿಕೊಂಡರು. ಅವರನ್ನು ನೋಡಿ ವಕೀಲರು ತಟ್ಟಿದರು, ಮೇಷ್ಟ್ರು ತಟ್ಟಿದರು. ಸದ್ದು ಒಂದೊಂದಾಗಿ ಕೂಡಿಕೊಂಡು ಬಂತು. ಕೊಗ್ಗಣ್ಣ ತಲೆ ವಾಲಿಸಿ ಬಹಳ ಹೊತ್ತು ಆಲಿಸಿದ. ಹೊರಗಿನ ಪೆಟ್ಟನ್ನು ತನ್ನ ಪೆಟ್ಟಿನ ಮೇಲಿಟ್ಟು ನೋಡುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು. ಆಮೇಲೆ ಕೋಲನ್ನು ಡ್ರಮ್ಮಿನ ಮೇಲೆ ಮೆಲ್ಲಗೆ ಇಟ್ಟ.

ನೆಲ ಒಂದು ಸಲ ನರಳಿತು. ಇಳಿಯಲಿಲ್ಲ.

ದೂಮನನ್ನು ಮುಂದೆ ಬಿಟ್ಟು, ನನ್ನನ್ನು ನಡುವೆ ಬಿಟ್ಟು, ಕೊಗ್ಗಣ್ಣ ಹಿಂದೆ ಬಂದ. ನಾವು ಅಂಗಳ ಮುಟ್ಟಿದಾಗ ಜನ ಸಂತೋಷಕ್ಕೆ ಚಪ್ಪಾಳೆಯ ಲೆಕ್ಕ ತಪ್ಪಿದರು, ಆ ಕ್ಷಣಕ್ಕೆ ಮಾಳಿಗೆಯ ಆ ಮೂಲೆ ನಮ್ಮ ಡ್ರಮ್ಸು, ಕೀಬೋರ್ಡು, ಅಷ್ಟೂ ಕುರ್ಚಿಗಳ ಸಮೇತ ಕೆಳಗೆ ಬಿತ್ತು. ಧೂಳು ಕೂತ ಮೇಲೆ ಎಲ್ಲರೂ ಒಬ್ಬರನ್ನೊಬ್ಬರು ಮುಟ್ಟಿ ನೋಡಿಕೊಂಡರು. ಯಾರಿಗೂ ಏನೂ ಆಗಿರಲಿಲ್ಲ. ಕೊಗ್ಗಣ್ಣ ಜಗಲಿಯ ಮೇಲೆ ಕೂತು ನೀರು ಕೇಳಿದ. ನಾನು ತಂದುಕೊಟ್ಟೆ. ಅವನ ಬಲಗೈ ಇನ್ನೂ ಮೊಣಕಾಲಿನ ಮೇಲೆ ಪೆಟ್ಟು ಹಾಕುತ್ತಲೇ ಇತ್ತು. ಲೋಟವನ್ನು ಎಡಗೈಯಿಂದ ಹಿಡಿದು ಕುಡಿದು, ಒಂದು ಮಾತು ಹೇಳಿದ.

"ಅಪ್ಪ ಇಷ್ಟು ಭಾರವನ್ನು ದಿನವೂ ಹೊರುತ್ತಿದ್ದರು, ವಾರಿಜ. ನನಗೆ ಗೊತ್ತೇ ಇರಲಿಲ್ಲ."

ಮಾರನೆಯ ವಾರ ಊರಿನ ಸಭೆ ಸೇರಿತು. ಸಮ ಪೆಟ್ಟಿಗೆ ಅಷ್ಟು ಜನ ಸೇರಿದ್ದರಿಂದಲೇ ತೊಲೆ ಮುರಿಯಿತು ಎಂದು ಕೆಲವರು, ಸಮ ಪೆಟ್ಟಿನಿಂದಲೇ ಜೀವ ಉಳಿಯಿತು ಎಂದು ಕೆಲವರು ವಾದಿಸಿದರು. ಎರಡೂ ನಿಜವೇ. ಕೊಗ್ಗಣ್ಣ ಎದ್ದು, ನಮಗೆ ಮಾಳಿಗೆ ಬೇಡ, ಹೊಳೆಯಾಚೆಯ ಮೈದಾನ ಕೊಡಿ, ಅಂಗಡಿ ಮುಚ್ಚಿರುವ ಭಾನುವಾರ ಮಧ್ಯಾಹ್ನ ಕೊಡಿ, ಅಲ್ಲಿ ಬೀಳುವುದಕ್ಕೆ ಮೇಲೆ ಏನೂ ಇಲ್ಲ, ಕೆಳಗೂ ಏನೂ ಇಲ್ಲ, ಅಂದ. ಸಭೆ ಒಪ್ಪಿತು. ಕೋರೆಯವರು ಬೀಗ ತೆಗೆದು ಹಳೆಯ ದೊಡ್ಡ ಡೋಲನ್ನು ದೂಮನಿಗೆ ಕೊಟ್ಟರು. ಅವನು ಅದಕ್ಕೆ ಒಂದು ಪೆಡಲು ಕೂರಿಸಿದ. ಎವ್ಲಿನ್ ಇಗರ್ಜಿಯ ಹಾರ್ಮೋನಿಯಂ ಕೇಳಿ ತಂದಳು.

ಡಿಸ್ಕೊಗೆ ಹೊರಳುವುದು ನಾವು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ವಕ್ರವಾಗಿ ನುಡಿಸಲು ಕಲಿತ ಕೈಗೆ ನೇರ ನಡೆಯುವುದು ಕಷ್ಟ. ನನ್ನ ಬೇಸ್ ಪದೇ ಪದೇ ಪಕ್ಕಕ್ಕೆ ಜಾರುತ್ತಿತ್ತು. ಕೊಗ್ಗಣ್ಣನಿಗೆ ಇನ್ನೂ ಕಷ್ಟ. ಒಂದೇ ಸಾಲನ್ನು ಎಷ್ಟು ಸಲ ಊದುವುದು ಎಂದು ಗೊಣಗುತ್ತಿದ್ದ. ಜನರಿಗೆ ಸಾಕಾಗುವ ತನಕ ಎಂದು ಎವ್ಲಿನ್ ಹೇಳುತ್ತಿದ್ದಳು. ಕಡೆಗೆ ಅವನು ಒಂದು ದಾರಿ ಹುಡುಕಿದ. ಪೆಟ್ಟು ಸಮವಾಗಿರಲಿ, ಸಾಲು ಸಣ್ಣದಿರಲಿ, ಆದರೆ ಹಾಡಿನ ನಡುವೆ ಒಂದು ಕಡೆ ತನಗೆ ಬೇಕಾದ ಹಾಗೆ ಹರಿದಾಡಲು ಜಾಗ ಬೇಕು. ಕೊಟ್ಟೆವು. ಆ ಜಾಗದಲ್ಲಿ ಅವನು ಊದಿದ್ದು ಹಿಂದೆ ಮಾಳಿಗೆಯಲ್ಲಿ ಊದಿದ್ದಕ್ಕಿಂತ ಚೆನ್ನಾಗಿತ್ತು. ಕಾಲ ಕೆಳಗೆ ಸಮ ಪೆಟ್ಟು ಇದ್ದುದರಿಂದ ಅವನು ಮೊದಲಿಗಿಂತ ದೂರ ಹೋಗಿ ಬರುತ್ತಿದ್ದ.

ಒಂದು ಅಭ್ಯಾಸದ ದಿನ, ಹಾಡನ್ನು ಎಂದಿನಂತೆ ಥಟ್ಟನೆ ನಿಲ್ಲಿಸಿದೆವು. ಎವ್ಲಿನ್ ಆಗ ಕುಣಿಯುತ್ತ ಹಾರಿ ಗಾಳಿಯಲ್ಲಿದ್ದಳು. ಪೂರ್ತಿ ಭಾರದಲ್ಲಿ ಬಿದ್ದು ಕಾಲು ಉಳುಕಿಸಿಕೊಂಡಳು. ದೊಡ್ಡದೇನಲ್ಲ, ಎಣ್ಣೆ ಹಚ್ಚಿದರೆ ಹೋಗುವಂಥದ್ದು. ಆದರೆ ಕೊಗ್ಗಣ್ಣನ ಮುಖ ಬಿಳಿಚಿಕೊಂಡಿತು. ಅವನು ಅವಳ ಕ್ಯಾಸೆಟ್ಟುಗಳನ್ನು ಮನೆಗೆ ಒಯ್ದು, ಹಾಡುಗಳ ಕೊನೆಗಳನ್ನು ಮಾತ್ರ ಕೇಳಿದ. ಆ ಹಾಡುಗಳು ನಿಲ್ಲುವುದೇ ಇಲ್ಲ, ಸಣ್ಣಗಾಗುತ್ತ ಆಗುತ್ತ ಮುಳುಗುತ್ತವೆ. ಅದನ್ನು ನಾವೆಲ್ಲ ರೆಕಾರ್ಡು ಮಾಡುವವರ ಸೋಮಾರಿತನ ಅಂದುಕೊಂಡಿದ್ದೆವು. ಮುಂದಿನ ಎರಡು ವಾರ ಅವನು ನಮ್ಮಿಂದ ಹಾಡುಗಳನ್ನು ಅಭ್ಯಾಸ ಮಾಡಿಸಲಿಲ್ಲ, ಕೊನೆಗಳನ್ನು ಮಾತ್ರ ಮಾಡಿಸಿದ.

ಮೊದಲ ಭಾನುವಾರ ಊರೇ ಹೊಳೆ ದಾಟಿ ಬಂತು. ಜೇಬಿನಲ್ಲಿ ಬೆಣಚುಕಲ್ಲು ತುಂಬಿಕೊಂಡು ಬಂದ ಹೆದರುಪುಕ್ಕಲರೂ ಇದ್ದರು. ಮೂರನೆಯ ಹಾಡಿನ ಹೊತ್ತಿಗೆ ಆ ಕಲ್ಲುಗಳು ಹುಲ್ಲಿನ ಮೇಲೆ ಚೆಲ್ಲಿದ್ದವು. ಕ್ರೇನ್ ನಡೆಸುವವನೂ ಬಂದಿದ್ದ, ದೂಮನ ಹೆಂಡತಿ ಅವನಿಗೆ ಕುಣಿಯಲು ತೋರಿಸಿಕೊಟ್ಟಳು. ಕೊನೆಯ ಹಾಡಿನ ಕೊನೆಗೆ ಬಂದಾಗ ಕೊಗ್ಗಣ್ಣ ಸ್ಯಾಕ್ಸೊಫೋನನ್ನು ಕೆಳಗಿಟ್ಟು, ನಮ್ಮ ಮುಂದೆ ನಿಂತು, ಅಂಗೈಯನ್ನು ನೆಲದ ಕಡೆ ತಿರುಗಿಸಿ ಎತ್ತಿ ಹಿಡಿದ. ಅಂಗೈ ಒಂದೊಂದು ಎಳೆಯಷ್ಟು ಇಳಿಯಿತು. ಅದರ ಜೊತೆಗೆ ದೂಮನ ಪೆಟ್ಟು ಇಳಿಯಿತು, ನನ್ನ ಬೇಸ್ ಇಳಿಯಿತು. ಮೈದಾನದ ತುಂಬ ಜನ ಗಾಳಿಯಿಂದ ಹುಲ್ಲಿಗೆ ಬಂದರು, ಬೆರಳುತುದಿಯ ಮೇಲೆ, ಆಮೇಲೆ ಪಾದದ ಮೇಲೆ. ಕೊನೆಯ ಪೆಟ್ಟು ಪಕ್ಕದಲ್ಲೇ ನಿಂತಿದ್ದ ನನಗೂ ಕೇಳಿಸಲಿಲ್ಲ. ಡೋಲಿನ ಹಿಂದೆ ಕೂತಿದ್ದ ದೂಮನಿಗೆ ಜನ ಕಾಣುತ್ತಿರಲಿಲ್ಲ.

"ಎಲ್ಲರೂ ಇಳಿದರಾ?" ಎಂದು ಕೇಳಿದ.

ಕೊಗ್ಗಣ್ಣ ಮೈದಾನದ ಈ ತುದಿಯಿಂದ ಆ ತುದಿಯ ತನಕ ನೋಡಿದ. ಅವಸರ ಮಾಡಲಿಲ್ಲ.

"ಇಳಿದರು," ಅಂದ. "ಎಲ್ಲರೂ ಇಳಿದರು. ಇನ್ನೊಂದು ಹಾಡು ಹಿಡಿ."